ಉದ್ದ ಪ್ರಾರ್ಥನೆ

"ಚಿಕ್ಕದಾಗಿ ಮಾಡಿ ತಾತ," ಎನ್ನುತ್ತಾ ನರ್ಸಮ್ಮ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. "ಮಗೂಗೆ ಜ್ವರ. ಅತ್ತೆ ಹತ್ರ ಬಿಟ್ಟು ಬಂದಿದ್ದೀನಿ. ಮಗೂಗೋಸ್ಕರ ಎರಡು ಮಾತು ಕೇಳ್ಕೊಳ್ಳಿ, ಸಾಕು."

"ಕೇಳ್ಕೊಳ್ತೀನಿ ಮಗಳೇ. ನೀನೂ ಸ್ವಲ್ಪ ಸುಧಾರಿಸ್ಕೋ. ಬೆಳಿಗ್ಗೆಯಿಂದ ಬುಗುರಿ ಹಾಗೆ ಸುತ್ತುತಾ ಇದ್ದೀಯ."

"ಸುಮ್ನೆ ಕೂತ್ರೆ ಮೇಟ್ರನ್ ಚರ್ಮ ಸುಲೀತಾರೆ. ಪ್ರಾರ್ಥನೆಗೆ ಕೂತ್ರೆ ಮಾತ್ರ ಅವ್ರೂ ಬಾಯಿ ತೆರೆಯಲ್ಲ."

ಅದು ಹೇಳಿಕೇಳಿ ಮಿಷನ್ ಆಸ್ಪತ್ರೆ. ಪ್ರಾರ್ಥನೆಯ ನಡುವೆ ಯಾರೂ ಅಡ್ಡ ಬಾಯಿ ಹಾಕಬಾರದೆಂಬುದು ಅಲ್ಲಿನ ಹಳೆಯ ಶಿಸ್ತು. ಪಾದ್ರಿ ತಾತ ಖುಷಿಯಿಂದಲೇ ಕಣ್ಣು ಮುಚ್ಚಿದರು. ಸೊಂಟ ಮುರಿದುಕೊಂಡು ಈ ವಾರ್ಡು ಸೇರಿದ ಮೇಲೆ ಅವರ ಬಾಯಿಂದ ಪ್ರಾರ್ಥನೆ ಬೇಡಿದವಳು ಇವಳೊಬ್ಬಳೇ. ಅಷ್ಟೇಕೆ, ಚರ್ಚಿನ ಸಭೆಯನ್ನು ನಡೆಸುತ್ತಿದ್ದ ಕಾಲದಲ್ಲೂ ಅವರು ಕೈ ಜೋಡಿಸಿದರೆ ಜನ ಕಂಗಾಲಾಗುತ್ತಿದ್ದರು. ಸೃಷ್ಟಿಯಿಂದ ಹಿಡಿದು ಊರಿನ ದನಕರುಗಳವರೆಗೆ ಒಂದನ್ನೂ ಬಿಡುತ್ತಿರಲಿಲ್ಲ. "ನಿಮ್ಮ ಪ್ರಾರ್ಥನೆ ಮುಗಿಯೋ ಹೊತ್ತಿಗೆ ಕರ್ತನೂ ಒಂದು ಸಲ ಆಕಳಿಸಿರ್ತಾನೆ," ಎಂದು ತೀರಿಹೋದ ಹೆಂಡತಿ ನಗುತ್ತಿದ್ದಳು.

ಮಗುವಿನ ಜ್ವರ ಇಳಿಸೆಂದು ಬೇಡಿ, ಇನ್ನೇನು ಆಮೆನ್ ಎನ್ನಬೇಕು, ಆಗ ಸಣ್ಣಗೆ ಒಂದು ಗೊರಕೆ ಕೇಳಿಸಿತು. ತಾತ ಒಂದೇ ಕಣ್ಣು ಬಿಟ್ಟು ನೋಡಿದರು. ನರ್ಸಮ್ಮನ ಗದ್ದ ಎದೆಗೆ ತಾಗಿತ್ತು. ಜೋಡಿಸಿದ ಕೈಗಳು ಮಡಿಲಿನಲ್ಲಿ ಹಾಗೆಯೇ ಬಿಚ್ಚಿಕೊಂಡಿದ್ದವು. ಇವಳೂ ಎಲ್ಲರ ಹಾಗೆಯೇ, ಎಂದು ಒಂದು ಕ್ಷಣ ಅವರ ಮನಸ್ಸು ಮುದುಡಿತು. ಅಷ್ಟರಲ್ಲಿ ಅವಳ ಪಾದಗಳು ಕಣ್ಣಿಗೆ ಬಿದ್ದವು. ಬಿಗಿಯಾದ ಬೂಟಿನಿಂದ ಹಿಮ್ಮಡಿಯನ್ನು ಅರ್ಧ ಹೊರಗೆಳೆದುಕೊಂಡಿದ್ದಳು. ಅದು ಊದಿ ಕೆಂಪಾಗಿತ್ತು. ತುಟಿಯವರೆಗೆ ಬಂದಿದ್ದ ಆಮೆನ್ ಅನ್ನು ತಾತ ನುಂಗಿಕೊಂಡರು.

ಪ್ರಾರ್ಥನೆ ಮುಂದುವರಿಯಿತು. ರೋಗಿಗಳಿಗಾಗಿ ಬೇಡಿದ್ದಾಯಿತು, ವೈದ್ಯರಿಗಾಗಿ ಆಯಿತು, ದೇಶ ಆಳುವವರಿಗಾಗಿಯೂ ಆಯಿತು. ಬಾಯಿಪಾಠದ ಮಾತುಗಳೆಲ್ಲ ಬರಿದಾದಾಗ ಅವರು ಕಣ್ಣಿಗೆ ಕಂಡದ್ದನ್ನೇ ಹಿಡಿದುಕೊಂಡರು. ಕಣ್ಣು ಬಿಟ್ಟು ಪ್ರಾರ್ಥಿಸಿದ್ದು ಅವರ ಬದುಕಿನಲ್ಲಿ ಅದೇ ಮೊದಲು. ಮಧ್ಯಾಹ್ನದ ಬಿಸಿಲು ಹಸಿರು ಪರದೆಯಿಂದ ಸೋಸಿ ಬಂದು ವಾರ್ಡೆಲ್ಲ ಕೆರೆಯ ತಳದಂತೆ ತೋರುತ್ತಿತ್ತು. ಮೇಲೆ ಫ್ಯಾನು ನಿಧಾನವಾಗಿ ಅಲೆ ಎಬ್ಬಿಸುತ್ತಿತ್ತು. ಬಿಳಿ ಮಂಚಗಳು ಕಟ್ಟು ಬಿಚ್ಚಿದ ದೋಣಿಗಳಂತೆ ತೇಲತೊಡಗಿದವು. ಸೊಂಟದ ನೋವು ದೂರದ ದಡದಲ್ಲಿ ನಿಂತು ಕೂಗುತ್ತಿತ್ತು. ಅದರ ಮಾತ್ರೆಯ ಹೊತ್ತು ಆಗಲೇ ಮೀರಿತ್ತು.

"ಕರ್ತನೇ," ತಾತನ ದನಿ ಜೋಗುಳದಷ್ಟು ಮೆತ್ತಗಾಯಿತು, "ಬಿರುಗಾಳಿಯಲ್ಲೂ ದೋಣಿಯ ಹಿಂಬದಿಯಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದವನು ನೀನು. ದಣಿವು ಅಂದರೇನು ಅಂತ ನಿನಗೆ ನಾನು ಹೇಳಬೇಕೆ? ಅವತ್ತು ಶಿಷ್ಯರು ನಿನ್ನನ್ನು ಬಡಿದೆಬ್ಬಿಸಿದರು. ಇವಳನ್ನು ಯಾರೂ ಎಬ್ಬಿಸದ ಹಾಗೆ ನೋಡಿಕೋ."

ಆಗಲೇ ಕಾರಿಡಾರಿನಲ್ಲಿ ಟಕಟಕ ಎಂದು ಬೂಟಿನ ಸದ್ದಾಯಿತು. ಇಡೀ ವಾರ್ಡು ಹೆದರುವ ಮೇಟ್ರನ್, ಔಷಧದ ಟ್ರೇ ಹಿಡಿದು ಬಿರಬಿರನೆ ಬಂದರು. "ಎಲ್ಲಿ ಹೋದಳು ಇವಳು? ಅಲ್ಲಿ ಡ್ರಿಪ್ ಮುಗೀತಿದೆ ಅಂತ ನಾನೇ ಓಡಿ..." ಬಾಗಿದ ತಲೆಯನ್ನು ಕಂಡು, ತಾತನ ದನಿ ಕೇಳಿ, ಮಾತು ಅಲ್ಲಿಗೇ ನಿಂತಿತು. ಅಭ್ಯಾಸಬಲದಿಂದ ಅವರ ತಲೆಯೂ ಬಾಗಿತು.

ಈಗ ನಿಲ್ಲಿಸಿದರೆ ಹುಡುಗಿಯ ಗತಿ ಅಷ್ಟೇ. ತಾತ ತೋಚಿದ್ದನ್ನು ಹೇಳಿಬಿಟ್ಟರು: "ಈಗ ಬಂದು ನಿಂತ ಈ ಮಗಳನ್ನೂ ನೋಡು ತಂದೆಯೇ. ಇವಳು ಎಲ್ಲರನ್ನೂ ವಿಚಾರಿಸ್ತಾಳೆ, ಇವಳನ್ನು ವಿಚಾರಿಸೋರು ಯಾರು? ಊಟ ಆಯ್ತೇನಮ್ಮಾ ಅಂತ ಇವಳನ್ನು ಯಾರಾದರೂ ಕೇಳಿದರೋ ಇಲ್ಲವೋ..."

ಆ ಮಾತನ್ನು ಅವರು ಲೆಕ್ಕಾಚಾರ ಹಾಕಿ ಆಡಿದ್ದಲ್ಲ. ಆಡುತ್ತಾ ಆಡುತ್ತಾ ಅದು ನಿಜವೆಂದು ಅವರಿಗೇ ಅನ್ನಿಸಿತು. ಟ್ರೇಯಲ್ಲಿದ್ದ ಬಾಟಲಿಗಳು ಸಣ್ಣಗೆ ಕಿಣಿಗುಟ್ಟಿದವು. ಮೇಟ್ರನ್ ಗೋಡೆಗೆ ಒರಗಿಕೊಂಡಿದ್ದರು. ಮುಚ್ಚಿದ ರೆಪ್ಪೆಗಳ ಅಂಚಿನಿಂದ ನೀರಿಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಕಿಣಿಕಿಣಿ ಸದ್ದಿಗೆ ನರ್ಸಮ್ಮ ಬೆಚ್ಚಿ ಕಣ್ಣು ಬಿಟ್ಟಳು. ಎದುರಿಗೆ ಮೇಟ್ರನ್! ಮುಖ ಬಿಳಿಚಿಕೊಂಡಿತು, ಧಡಕ್ಕನೆ ಎದ್ದಳು. ಎದ್ದವಳು ಆ ಮುಖವನ್ನೇ ನೋಡುತ್ತಾ ನಿಂತುಬಿಟ್ಟಳು. ಬಳಿಕ ಮೆಲ್ಲಗೆ ಟ್ರೇ ಬಿಡಿಸಿಕೊಂಡಳು, ಸ್ಟೂಲನ್ನು ಅವರ ಹಿಂದೆ ಸರಿಸಿದಳು, ಭುಜ ಹಿಡಿದು ಕೂರಿಸಿದಳು. ಮೇಟ್ರನ್ ಕಣ್ಣು ತೆರೆಯಲಿಲ್ಲ, ಬೇಡವೆನ್ನಲೂ ಇಲ್ಲ. ನೋಡನೋಡುತ್ತಿದ್ದಂತೆ ಅವರ ತಲೆ ಗೋಡೆಗೆ ವಾಲಿತು.

ತಾತನ ದನಿ ಪೂರ್ತಿ ಬಿದ್ದುಹೋಗಿತ್ತು. ಅವರು ನೆಮ್ಮದಿಯ ಉಸಿರು ಬಿಟ್ಟು, ಮುಗಿಸಲೆಂದು ತುಟಿ ತೆರೆದರು.

ನರ್ಸಮ್ಮ ಮಾತ್ರೆಯನ್ನೂ ನೀರಿನ ಲೋಟವನ್ನೂ ಅವರ ಬಾಯಿಗೆ ಹಿಡಿದು, ಕಿವಿಯ ಬಳಿ ಬಾಗಿ ಪಿಸುಗುಟ್ಟಿದಳು:

"ವಾರ್ಡು ನಾನು ನೋಡ್ಕೊಳ್ತೀನಿ ತಾತ. ನೀವು ಮಾತ್ರ ಆಮೆನ್ ಅನ್ನಬೇಡಿ."