ಹೊಸ್ತಿಲಾಚೆಯ ಮೂರು ಜೊತೆ

ಫ್ರೆಂಚ್ ಮಾತಾಡುವ ಆ ಹಿಮದ ಹಳ್ಳಿಗೆ ಜನಗಣತಿಗೆಂದು ಬಂದ ಗಸ್ಪಾರನ ಕಣ್ಣಿಗೆ ಅಲ್ಲಿನವರೆಲ್ಲ ಸುಳ್ಳುಬುರುಕರೇ. ಸರಕಾರದ ಹಿಟ್ಟಿನ ಆಸೆಗೆ ತಲೆ ಜಾಸ್ತಿ ಹೇಳುವ ಜನ. ಅವರ ಗುಡಿಸಲೊಳಗೆ ಕಾಲಿಡಲೂ ಅವನಿಗೆ ಹೇಸಿಗೆ. ಹೊಸ್ತಿಲಾಚೆ ಬಿಟ್ಟ ಮರದ ಮೆಟ್ಟುಗಳನ್ನು ಎಣಿಸಿದರೆ ಅವನ ಕೆಲಸ ಮುಗಿಯುತ್ತಿತ್ತು.

"ಒಂಬತ್ತು ಜನ ಇದೀವಿ ಸಾಹೇಬ್ರೆ," ಎಂದಳು ಒಂದು ಗುಡಿಸಲಿನ ಮನೆಯಾಕೆ.

"ಇಲ್ಲಿರೋದು ಮೂರೇ ಜೊತೆ ಮೆಟ್ಟು. ಮಿಕ್ಕವರು ಹಾರಾಡ್ತಾರೇನು? ಎಲ್ಲರನ್ನೂ ಹೊರಗೆ ಕರಿ, ನೋಡೋಣ."

"ಎಲ್ಲರೂ ಒಟ್ಟಿಗೆ ಬರೋಕಾಗಲ್ಲ."

"ಗೊತ್ತಿತ್ತು," ಎಂದು ಮೂಗು ಮುರಿದು ಅವನು 'ಮೂರು' ಎಂದು ಬರೆದುಕೊಂಡ.

ಅಷ್ಟರಲ್ಲಿ ಒಳಗಿಂದ ಬಂದ ಮೂವರು ಆ ಮೆಟ್ಟು ಹಾಕಿಕೊಂಡು ಹಿಮಕ್ಕಿಳಿದರು, ಅವನಿಗೆ ಮುಖ ತೋರಿಸಿ ಒಳಗೆ ಹೋದರು. ಅವರು ಹೊಸ್ತಿಲಲ್ಲಿ ಬಿಟ್ಟ ಅವೇ ಮೆಟ್ಟು ಹಾಕಿಕೊಂಡು ಇನ್ನೂ ಮೂವರು ಇಳಿದು ಬಂದರು.