ಗಾಜಿಗೆ ಹಚ್ಚಿದ ಪೇಪರ್

ದೇವೀರಪ್ಪನ ಹತ್ತಿರ ತಾನು ಬಣ್ಣ ಹೊಡೆದ ಒಂದು ಬಸ್ಸಿನ ಫೋಟೋ ಕೂಡ ಇರಲಿಲ್ಲ. ಅರಸೀಕೆರೆಯಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಇಪ್ಪತ್ತೇಳು ವರ್ಷ ಬ್ರಷ್ ಹಿಡಿದವನು ಅವನು. ಮಗಳ ಮದುವೆ ಆಲ್ಬಮ್ಮಿನಲ್ಲಿ ದಿಬ್ಬಣದ ಬಸ್ಸಿನದೊಂದು ಫೋಟೋ ಇತ್ತು; ಅದರಲ್ಲೂ ಬಾಗಿಲೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬೀಗರು ಮುಚ್ಚಿಕೊಂಡು ನಿಂತಿದ್ದರು. ಹಾಗಾಗಿ ಕಂಪ್ಯೂಟರ್ ಸೆಂಟರಿನ ಸಂತು, “ನಿಮ್ಮ ಕನಕಲಕ್ಷ್ಮೀನ ಕಂಪ್ಯೂಟರಲ್ಲಿ ಓಡಿಸ್ತೀನಿ, ಬಂದು ಬಣ್ಣ ಹೇಳ್ಕೊಡಿ” ಎಂದು ಫೋನ್ ಮಾಡಿದಾಗ ಊಟವನ್ನು ಅರ್ಧಕ್ಕೇ ಬಿಟ್ಟು ಬಂದ.

ಕನಕಲಕ್ಷ್ಮಿ ಎಂದರೆ ದೇವೀರಪ್ಪ ಬಣ್ಣ ಹೊಡೆದಿದ್ದ, ಅರೇಹಳ್ಳಿಯಿಂದ ಬೇಲೂರು, ಹಳೇಬೀಡಿನ ಮೇಲೆ ಅರಸೀಕೆರೆಗೆ ಬರುತ್ತಿದ್ದ ಖಾಸಗಿ ಬಸ್ಸು. ಸಂತು ಎರಡು ವರ್ಷ ಹಳೇಬೀಡಿನಿಂದ ಅದರಲ್ಲೇ ನಿಂತುಕೊಂಡು ಕಾಲೇಜಿಗೆ ಬಂದವನು. ೨೦೦೪ರಲ್ಲಿ ಅದು ಗುಜರಿಗೆ ಹೋಯಿತು. ಅದಾಗಿ ಎರಡು ವರ್ಷಕ್ಕೆ ಸಂತುವಿನ ಕಂಪ್ಯೂಟರ್ ಸೆಂಟರಿಗೂ ಅದೇ ಗತಿ ಬಂದಿತ್ತು. ಅಂದು ಸಂಜೆ ಐದಕ್ಕೆ, ಕೊಂಡುಕೊಂಡಿದ್ದ ತಿಪಟೂರಿನವರು ಬಂದು ನಾಲ್ಕೂ ಕಂಪ್ಯೂಟರನ್ನು ಹೊತ್ತುಕೊಂಡು ಹೋಗುವವರಿದ್ದರು. ಅಷ್ಟರೊಳಗೆ ಬಸ್ ಓಡಿಸುವ ಆಟದಲ್ಲಿದ್ದ ಯಾವುದೋ ದೇಶದ ಬಸ್ಸಿಗೆ ಕನಕಲಕ್ಷ್ಮಿಯ ಬಣ್ಣ ಹಚ್ಚಬೇಕೆಂಬುದು ಅವನ ಹಟ.

ಪರದೆಯ ಮೇಲೆ ಬಸ್ಸಿನ ಚರ್ಮ ಸುಲಿದು ಹರಡಿದಂತೆ ಎಡಮೈ, ಬಲಮೈ, ಮುಖ, ಬೆನ್ನು ಬೇರೆ ಬೇರೆ ಬಿದ್ದಿದ್ದವು. ಗಾಜು ಇರಬೇಕಾದ ಕಡೆಯೆಲ್ಲ ಬೂದು-ಬಿಳಿ ಚೌಕುಳಿ.

“ಇದೇನ್ಲಾ, ಎಲ್ಲಾ ಕಿಟಕಿಗೂ ಟವೆಲ್ ಹಾಕವ್ರೆ! ಸೀಟ್ ಹಿಡ್ಯಾಕಾ?”

“ಅದು ಟವೆಲ್ ಅಲ್ಲ ದೇವೀರಣ್ಣ. ಅಲ್ಲಿ ಏನೂ ಇಲ್ಲ ಅಂತ ಅರ್ಥ. ಆ ಕಡೆ ಇರೋದು ಈ ಕಡೆ ಕಾಣುತ್ತೆ.”

“ಏನೂ ಇಲ್ಲ ಅನ್ನಾಕೂ ಒಂದು ಡಿಸೈನಾ!”

ಮೈಗೆ ಹಾಲಿನ ಕೆನೆ ಬಣ್ಣ ಬೇಗ ಸಿಕ್ಕಿತು. ಜಗಳ ಬಂದದ್ದು ಸೊಂಟದ ಪಟ್ಟಿಗೆ. “ಇದು ಬದನೇಕಾಯಿ ಕಣ್ಲಾ. ನೇರಳೆಹಣ್ಣು ತಿಂದ ನಾಲಿಗೆ ಇರ್ತದಲ್ಲ, ಆ ಬಣ್ಣ ತಗಿ.” ಹದಿನಾಲ್ಕನೇ ಸಲಕ್ಕೆ ನಾಲಿಗೆಯ ಬಣ್ಣ ಬಂತು. ಸಂತು ಬಣ್ಣ ತುಂಬಿ, ಆಟ ತೆರೆದು, ಬಸ್ಸನ್ನು ರಸ್ತೆಗಿಳಿಸಿದ. ಗಾಜಿಗೂ ಬಣ್ಣ ಮೆತ್ತಿಕೊಂಡು ಬಸ್ಸು ಕಿಟಕಿಯೇ ಇಲ್ಲದ ಪೆಟ್ಟಿಗೆಯ ಹಾಗೆ ಹೊರಟಿತು. ಮೂರು ಸಲ ಮಾಡಿದರೂ ಅಷ್ಟೇ.

“ಗಾಜಿಗೆ ಪೇಪರ್ ಹಚ್ದೆ ಬಣ್ಣ ಹೊಡುದ್ರೆ ಇನ್ನೇನಾಯ್ತದೆ?” ಎಂದ ದೇವೀರಪ್ಪ. “ನಾವು ಮೊದ್ಲು ಮೈದಾ ಅಂಟು ಕಾಸಿ, ಹಳೇ ಪೇಪರ್ ತಂದು ಗಾಜಿಗೆಲ್ಲಾ ಹಚ್ತಿದ್ವಿ. ಆಮೇಲೆ ಕಣ್ಣು ಮುಚ್ಕೊಂಡು ಹೊಡಿ, ಗಾಜಿಗೆ ಒಂದು ತೊಟ್ಟು ತಾಕಕಿಲ್ಲ. ನಿನ್ ಕಂಪ್ಯೂಟರ್‌ಗೆ ಪೇಪರ್ ಇಲ್ವಾ?”

ಸಂತು ತಲೆ ಕೆರೆದುಕೊಂಡ. ಪರದೆಯ ಮೂಲೆಯಲ್ಲೊಂದು ಪುಟ್ಟ ಚೌಕ, ಅದರ ಪಕ್ಕ ‘ಪ್ರಿಸರ್ವ್ ಟ್ರಾನ್ಸ್‌ಪರೆನ್ಸಿ’, ಅಂದರೆ ಖಾಲಿ ಜಾಗವನ್ನು ಹಾಗೇ ಕಾಪಾಡು, ಎಂಬ ಬರಹ. ಮೂರು ವರ್ಷದಿಂದ ದಿನಾ ನೋಡಿಯೂ ಅವನು ಅದನ್ನು ಮುಟ್ಟಿರಲಿಲ್ಲ. ಈಗ ಅಲ್ಲಿ ಟಿಕ್ ಹಾಕಿ ಬಣ್ಣ ಸುರಿದ. ಬಣ್ಣ ತಗಡಿನ ಮೇಲಷ್ಟೇ ಕೂತಿತು. ಚೌಕುಳಿ ಹಾಗೇ ಉಳಿಯಿತು.

“ಇದೇ ನೋಡಿ ನಿಮ್ಮ ಪೇಪರ್!”

ಬಸ್ಸಿನ ಹಣೆಯ ಮೇಲಿನ ಹೆಸರನ್ನು ಮಾತ್ರ ದೇವೀರಪ್ಪ ಬಿಟ್ಟುಕೊಡಲಿಲ್ಲ. ಮೌಸನ್ನು ಎರಡೂ ಕೈಯಲ್ಲಿ ಹಿಡಿದು ಒಂದೂವರೆ ಗಂಟೆ ಬರೆದ. ‘ಕ’ ಸೊಟ್ಟಗಾಗಿ, ಅಳಿಸಿ, ಬೈದು, ಮತ್ತೆ ಬರೆದ. ಆಮೇಲೆ ಬಸ್ಸು ಓಡಿತು. ಕಿಟಕಿಯಾಚೆ ಮರಗಳು, ಮರಗಳ ನಡುವೆ ಬಿಸಿಲು. ದೇವೀರಪ್ಪ ಡ್ರೈವರ್ ಹಿಂದಿನ ಮೂರನೇ ಕಿಟಕಿಯ ಮೇಲೆ ಬೆರಳಿಟ್ಟ.

“ನನ್ ಹೆಂಡ್ತಿ ವಿಶಾಲಮ್ಮ ಯಾವಾಗ್ಲೂ ಇಲ್ಲೇ ಕೂರಾಳು. ಬೇಲೂರು ದಾಟೋದ್ರಾಗೆ ವಾಂತಿ. ಇದನ್ನ ಅವಳಿಗೆ ತೋರುಸ್ಬೇಕಲ್ಲಪ್ಪಾ.”

ಕೆಳಗೆ ತಿಪಟೂರಿನವರ ಟೆಂಪೋ ಹಾರ್ನ್ ಹೊಡೆಯಿತು. ಸಂತು ಅವಸರದಲ್ಲಿ ಫ್ಲಾಪಿ ತುರುಕಿದ. ಫೈಲ್ ದೊಡ್ಡದು, ಹಿಡಿಸಲಿಲ್ಲ. ಅದನ್ನು ಜೆಪಿಜಿ ಮಾಡಿದ, ಚಿಕ್ಕದಾಯಿತು, ಹಿಡಿಸಿತು. ದೇವೀರಪ್ಪ ಫ್ಲಾಪಿಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ.

ಎಂಟು ದಿನಕ್ಕೆ ಅವನು ಹೆಂಡತಿಯನ್ನು ಕರೆದುಕೊಂಡು ಬೇಲೂರಿಗೆ ಹೋದ. ಸಂತು ಅಲ್ಲೊಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದ. ಬಸ್ ಪ್ರಯಾಣಕ್ಕೆ ಸುಸ್ತಾಗಿದ್ದ ವಿಶಾಲಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಪರದೆಯ ಮುಂದೆ ಕೂತಳು. ಫೈಲ್ ತೆರೆಯಿತು. ಕೆನೆ ಬಣ್ಣ ಸರಿ ಇತ್ತು, ನಾಲಿಗೆ ಬಣ್ಣ ಸರಿ ಇತ್ತು, ಹೆಸರಂತೂ ಎದ್ದು ಕಾಣುತ್ತಿತ್ತು. ಚೌಕುಳಿ ಇರಲಿಲ್ಲ. ಗಾಜಿನ ಜಾಗವೆಲ್ಲ ಸುಣ್ಣ ಬಳಿದಂತೆ ಬೆಳ್ಳಗಿತ್ತು.

“ಟವೆಲ್ ಎಲ್ಲೋದ್ವು?” ಎಂದ ದೇವೀರಪ್ಪ.

ಸಂತು ಹಣೆ ಚಚ್ಚಿಕೊಂಡ. “ಜೆಪಿಜೀಲಿ ಅದು ಉಳಿಯಲ್ಲ ಅಣ್ಣ. ಖಾಲಿ ಇದ್ದ ಕಡೆಗೆಲ್ಲ ಬಿಳಿ ತುಂಬಿಬಿಡುತ್ತೆ. ಗೊತ್ತಿತ್ತು, ಗಡಿಬಿಡೀಲಿ ಮರೆತೆ.”

“ಆ ಬಿಳೀನೆಲ್ಲ ತಿರ್ಗಾ ಕತ್ತರ್ಸು.”

“ಕತ್ತರಿಸ್ತೀನಿ. ಓಡಿಸೋದು ಎಲ್ಲಿ? ಆಟ ಇದ್ದದ್ದು ಆ ಕಂಪ್ಯೂಟರಲ್ಲಿ. ತಿಪಟೂರಿನವರು ಬಂದ ದಿನವೇ ಎಲ್ಲ ಅಳಿಸಿದ್ರಂತೆ.” ಪ್ರಿಂಟರಿನ ಕಡೆ ತಿರುಗಿ, “ಒಂದು ಪ್ರಿಂಟ್ ಹಾಕ್ಕೊಡ್ಲಾ? ಫೋಟೋ ಥರ ಇರುತ್ತೆ” ಎಂದ.

“ಹಾಕು.”

ವಿಶಾಲಮ್ಮ ಹಾಳೆಯನ್ನು ಹತ್ತಿರ, ದೂರ ಹಿಡಿದು ನೋಡಿದಳು. “ನಮ್ ಬಸ್ಸೇ ಕಣ್ರೀ. ಒಳಗೆ ಯಾರೂ ಕಾಣಾಕಿಲ್ವಲ್ಲ?”

“ಪೇಪರ್ ಕಿತ್ತಿಲ್ಲ ಕಣೇ. ಬಸ್ಸು ಇನ್ನೂ ಶೆಡ್ಡಲ್ಲೇ ಐತೆ.”

ಅವನು ಹಾಳೆಯ ಮೇಲೆ ಬೆರಳಿಟ್ಟು, ಪೇಪರ್ ಕೀಳಬೇಕಾದ ಗಾಜುಗಳನ್ನು ಎಣಿಸಿದ. ಎಡಕ್ಕೆ ಒಂಬತ್ತು, ಬಲಕ್ಕೆ ಎಂಟು, ಮುಂದೆ ಎರಡು, ಹಿಂದೆ ಒಂದು. ಇಪ್ಪತ್ತು ಗಾಜು.