ಕಲ್ಪಾದೆಯ ಹೊಗೆ

ಕಲ್ಪಾದೆ ಗುಡ್ಡದ ಬೆಂಕಿ ಎಷ್ಟು ಜೋರಿತ್ತೆಂದರೆ, ಆ ದಿನ ಎರ್ಮಾಳಿನ ಕಡಲಲ್ಲಿ ಬಂಗುಡೆ ಬೆಂದೇ ಬಲೆಗೆ ಬಿತ್ತು. ಉಪ್ಪು ಹುಳಿ ಹಾಕುವುದಷ್ಟೇ ಬಾಕಿ. ನಂಬದವರು ಕಾಪುವಿಗೆ ಹೋಗಿ ದೀಪಸ್ತಂಭವನ್ನು ನೋಡಿ. ಕಾವಿಗೆ ಒಂದು ಗೇಣು ಬಾಗಿದೆ.

ಅಂಥ ಬೆಂಕಿಗೆ ಸರ್ಕಾರ ನೇಮಿಸಿದ ಅಧಿಕಾರಿಯೂ ಅಂಥವನೇ. ಹೆಸರು ರಘುಪತಿ. ಪರ್ಕಳದ ಬಾಡಿಗೆ ಕೋಣೆಯಲ್ಲಿ ಕುಳಿತು, ಕಾರ್ಕಳದಲ್ಲಿ ಯಾರು ಬೀಡಿ ಹಚ್ಚಿದರೆಂದು ಮೂಸಿ ಹೇಳುವವನು. ಅವನ ಕಣ್ಣು ತಪ್ಪಿಸಿ ಹಿರಿಯಡ್ಕದಲ್ಲಿ ಸೊಳ್ಳೆಯೂ ಕಚ್ಚುತ್ತಿರಲಿಲ್ಲ.

ಬೆಂಕಿ ಗುಡ್ಡದ ಮೇಲಿನ ಮನೆಗಳನ್ನು ಬಿಟ್ಟಿತು. ಬುಡದ ಬಾವಿಯಿಂದ ಅವಕ್ಕೆ ನೀರು ಹೋಗುವ ಪ್ಲಾಸ್ಟಿಕ್ ಪೈಪನ್ನು ಬಿಡಲಿಲ್ಲ. ಹೊಸ ಪೈಪಿಗೆ ಟೆಂಡರ್ ಆಗಬೇಕು. ಅದಕ್ಕಿಂತ ಮೊದಲು ಮಳೆಗಾಲವೇ ಬಂದೀತು. ಅಲ್ಲಿಯವರೆಗೆ ಟ್ಯಾಂಕರ್ ನೀರು. ಟ್ಯಾಂಕರ್ ಬರುವುದು ತುರ್ತುಸ್ಥಿತಿಯ ಆದೇಶ ಜಾರಿಯಲ್ಲಿದ್ದರೆ ಮಾತ್ರ. ಆದೇಶ ವಿಸ್ತರಣೆಯಾಗುವುದು ಗುಡ್ಡದಲ್ಲಿ ಹೊಗೆ ಕಂಡರೆ ಮಾತ್ರ.

ಹೊಗೆ ಕಾಣುತ್ತಲೇ ಇತ್ತು. ರಘುಪತಿ ಬೆಳಿಗ್ಗೆ ಗುಡ್ಡ ಹತ್ತಿ ಫೋಟೊ ತೆಗೆಯುತ್ತಿದ್ದ. ಪಂಚಾಯತ್ ಅಧ್ಯಕ್ಷೆ ಕುಶಲಾ ಸಹಿ ಹಾಕುತ್ತಿದ್ದಳು. ಆದೇಶ ವಾರ ವಾರ ಮುಂದಕ್ಕೆ ಹೋಗುತ್ತಿತ್ತು.

ಕೊನೆಗೆ ಸಭೆಯಲ್ಲಿ ಒಬ್ಬರು ಕೇಳಿಯೇಬಿಟ್ಟರು: ಒಣಹುಲ್ಲಿನ ಬೆಂಕಿ ಇಷ್ಟು ದಿನ ಹೊಗೆಯಾಡುವುದುಂಟೆ? ಯಾರೋ ಬೇಕೆಂದೇ ಹಚ್ಚುತ್ತಿದ್ದಾರೆ. ಮೇಲಿನ ಮನೆಯ ಪ್ಯಾಟ್ರಿಶಿಯಾ ದಿನಾ ನಸುಕಿನಲ್ಲಿ ಮುಚ್ಚಿದ ಕೊಡಪಾನ ಹೊತ್ತು ಹೊಗೆಯ ಕಡೆ ಹೋಗುವುದನ್ನು ಕಂಡವರಿದ್ದರು.

ಹೊಗೆ ಸುಳ್ಳಾದರೆ ಕುಶಲಾಳ ಸಹಿಯೂ ಸುಳ್ಳು. ಹಚ್ಚಿದವರು ಸಿಕ್ಕಿಬಿದ್ದರೆ ಪೊಲೀಸ್ ಕೇಸು, ಟ್ಯಾಂಕರ್ ಅಂದೇ ಬಂದ್.

ತಾನೊಬ್ಬನೇ ಹೋಗಿ ಹಿಡಿಯುತ್ತೇನೆಂದ ರಘುಪತಿ. ತಾನೂ ಬರುತ್ತೇನೆಂದಳು ಕುಶಲಾ. ಅಲ್ಲಿ ಹಾವಿದೆ, ಚಿರತೆಯಿದೆ, ಹಾವು ನುಂಗಿದ ಚಿರತೆಯೂ ಇದೆ ಎಂದ. ಅವಳು ಕೇಳಲಿಲ್ಲ.

ಮರುದಿನ ಬೆಳಕು ಹರಿಯುವಾಗ ಕುಶಲಾ ಏದುಸಿರು ಬಿಡುತ್ತ ಮೇಲೆ ತಲುಪಿದಳು. ಕೆಂಪುಕಲ್ಲಿನ ರಾಶಿಯ ಹಿಂದೆ ರಘುಪತಿ ಆಗಲೇ ಅಡಗಿ ಕುಳಿತಿದ್ದ. ಎದುರಿನ ಬಂಡೆಯ ಬಿರುಕಿನಿಂದ ಹೊಗೆ ಏಳುತ್ತಿತ್ತು.

“ಕತ್ತಲಿರುವಾಗಲೇ ಬಂದೆ,” ಎಂದು ಪಿಸುಗುಟ್ಟಿದ. “ಒಂದು ಇಲಿ ದಾಟಿದರೂ ನನಗೆ ಗೊತ್ತಾಗ್ತದೆ.”

ಹೆಜ್ಜೆಯ ಸದ್ದು. ಪ್ಯಾಟ್ರಿಶಿಯಾ ಬಂದಳು. ಸೊಂಟದಲ್ಲಿ ಕೊಡಪಾನ, ಮೇಲೆ ತಟ್ಟೆ.

“ಕೆಂಡ ಇರಬೇಕು,” ಎಂದಳು ಕುಶಲಾ.

ಪ್ಯಾಟ್ರಿಶಿಯಾ ಬಿರುಕಿನ ಬಳಿ ಬಗ್ಗಿದಳು. ತಟ್ಟೆ ತೆಗೆದಳು. ಕೊಡಪಾನ ಬಗ್ಗಿಸಿದಳು.

ಚುಂಯ್ ಎಂದಿತು. ನೀರು.

ಕುಶಲಾ ಅಡಗಿದ್ದಲ್ಲಿಂದ ಎದ್ದೇ ಬಿಟ್ಟಳು. “ಎಂತ ಬಾಯಮ್ಮ ಇದು? ನೀವು ನಂದಿಸುವುದಾ?”

“ಮತ್ತೆಂತ ಮಾಡುವುದು ಕುಶಲಕ್ಕ? ದಿನಾ ನಂದಿಸ್ತೇನೆ, ದಿನಾ ಹೊಗೆ. ಗಾಳಿ ಬಂದರೆ ಮೊದಲು ಹಿಡಿಯುವುದು ನಮ್ಮದೇ ಮನೆ. ರಾತ್ರಿ ನಿದ್ದೆ ಇಲ್ಲ ಮಾರಾಯ್ತಿ.”

“ನೀರು ಎಲ್ಲಿಯದು?”

“ಟ್ಯಾಂಕರಿನದ್ದೇ. ನಮ್ಮ ಪಾಲಿನದ್ದು. ಸ್ನಾನಕ್ಕೆ ಸಾಕಾಗುವುದಿಲ್ಲ.”

“ಹೊಗೆ ನಿಂತರೆ ಟ್ಯಾಂಕರ್ ನಿಲ್ತದೆ, ಗೊತ್ತುಂಟಲ್ಲ?”

“ಗೊತ್ತುಂಟು. ಹಾಗಂತ ಬೆಂಕಿ ಸಾಕಲಿಕ್ಕೆ ಆಗ್ತದಾ?”

ಕುಶಲಾ ಒಂದು ಕೋಲು ಹುಡುಕಿ ಒದ್ದೆ ಬೂದಿಯನ್ನು ಕೆದಕಿದಳು. ಒಳಗಿನಿಂದ ಅರೆಸುಟ್ಟ ತೆಂಗಿನ ಸಿಪ್ಪೆ ಹೊರಬಂತು. ಅದನ್ನು ತಿರುಗಿಸಿ ನೋಡಿದಳು. ಸುತ್ತಲಿನ ಬೋಳು ಗುಡ್ಡವನ್ನು ನೋಡಿದಳು. ಕಣ್ಣಿಗೆಟಕುವಷ್ಟು ದೂರ ಒಂದೂ ತೆಂಗಿನ ಮರವಿರಲಿಲ್ಲ. ಆಮೇಲೆ ನಿಧಾನವಾಗಿ ಕಲ್ಲಿನ ರಾಶಿಯ ಕಡೆ ತಿರುಗಿದಳು.

“ಸಾರ್, ಇದು ಈಗಷ್ಟೇ ಹಚ್ಚಿದ್ದು. ನೀವು ಕತ್ತಲಿಂದ ಇಲ್ಲೇ ಕೂತಿದ್ದಿರಿ ಅಲ್ವಾ?”

ರಘುಪತಿ ಬಾಯಿ ತೆರೆದ. ಮೂರು ಲೋಕಕ್ಕೆ ಸಾಕಾಗುವಷ್ಟು ಮಾತಿದ್ದ ಆ ಬಾಯಿಯಿಂದ ಒಂದೂ ಹೊರಡಲಿಲ್ಲ.

ಗುಡ್ಡದ ಬೆಂಕಿ ಎಂದೋ ಆರಿತ್ತು. ಬಾಯಮ್ಮನ ಕೊಡಪಾನ ತುಂಬಲಿ ಎಂದು ದಿನಾ ಹೊಗೆ ಹಾಕಿ, ದಿನಾ ಅದನ್ನು ಅವಳ ಕೈಯಿಂದಲೇ ಖಾಲಿ ಮಾಡಿಸುತ್ತಿದ್ದವನು ರಘುಪತಿ, ಅಂದರೆ, ಇನ್ನು ಬಡಾಯಿ ಬೇಡ, ನಾನು.